‘ಬುಡಕಟ್ಟು ಕಲಹ’ ಸರಿಯೇ? ದಕ್ಷಿಣ ಸುಡಾನಿನ ಅಂತರ್ಯುದ್ಧದ ಪದಗಳು

ಎಲ್ಲರಿಗೂ ನಮಸ್ಕಾರ.

ದಕ್ಷಿಣ ಸುಡಾನಿನ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 2011ರ ಜುಲೈ 9ರಂದು ಸುಡಾನಿನಿಂದ ಬೇರೆಯಾಗಿ ಸ್ವತಂತ್ರವಾದ ದೇಶ ಎರಡೂವರೆ ವರ್ಷ ತುಂಬುವ ಮೊದಲೇ ತನ್ನೊಳಗೇ ಬಡಿದಾಡಿಕೊಂಡಿತು. ಅದನ್ನು ‘ಬುಡಕಟ್ಟು ಕಲಹ’ ಎಂದು ಬರೆಯಲು ನನಗೆ ಮನಸ್ಸಾಗುತ್ತಿಲ್ಲ.

ಬುಡಕಟ್ಟು ಎಂದೊಡನೆ ನಮಗೆ ನೆನಪಾಗುವವರು ಸೋಲಿಗರು, ಜೇನುಕುರುಬರು. ಡಿಂಕಾ ಮತ್ತು ನುಯೆರ್ ಆ ದೇಶದ ಅತಿ ದೊಡ್ಡ ಎರಡು ಜನವರ್ಗಗಳು. ಅಧ್ಯಕ್ಷ ಸಾಲ್ವಾ ಕೀರ್ ಡಿಂಕಾ, ಉಪಾಧ್ಯಕ್ಷರಾಗಿದ್ದ ರಿಯೆಕ್ ಮಾಚಾರ್ ನುಯೆರ್. ಇಬ್ಬರೂ ಒಂದೇ ಪಕ್ಷದವರು, ಜಗಳ ಹುಟ್ಟಿದ್ದೂ ಆ ಪಕ್ಷದ ಗಾದಿಗಾಗಿಯೇ. 2013ರ ಜುಲೈನಲ್ಲಿ ಕೀರ್ ಅವರು ಮಾಚಾರರನ್ನೂ ಇಡೀ ಸಂಪುಟವನ್ನೂ ಒಟ್ಟಿಗೇ ಮನೆಗೆ ಕಳಿಸಿದರು. ಇಲ್ಲಿಯವರೆಗಿನದಕ್ಕೆ ‘ಒಳಜಗಳ’ ಸಾಕು.

ಬೊಕ್ಕಸದ ಕತೆಯೂ ಇದೆ. ಸರ್ಕಾರದ ಆದಾಯ ಹೆಚ್ಚೂಕಡಿಮೆ ಪೂರ್ತಿ ತೈಲದ್ದು, ತೈಲ ಸಾಗುವ ಕೊಳವೆ ಮಾತ್ರ ಉತ್ತರದ ಸುಡಾನಿನದು. ಶುಲ್ಕದ ತಗಾದೆ ಹತ್ತಿ 2012ರ ಜನವರಿಯಲ್ಲಿ ದಕ್ಷಿಣದವರು ತೈಲ ತೆಗೆಯುವುದನ್ನೇ ನಿಲ್ಲಿಸಿದರು. ಇನ್ನು ಸೇನೆ. ಸ್ವಾತಂತ್ರ್ಯಕ್ಕೂ ಮೊದಲೇ, 2006ರ ಜೂಬಾ ಘೋಷಣೆ ಎಂಬ ಒಪ್ಪಂದದಂತೆ, ದಕ್ಷಿಣದ ಸೇನೆಯವರು ಸೇನಾನಾಯಕ ಪೌಲಿನೋ ಮಾಟಿಪರ ಪಡೆಗಳನ್ನು, ಅಂದರೆ ಅದುವರೆಗೆ ಖಾರ್ಟೂಮಿನ ಸುಡಾನ್ ಸರ್ಕಾರದ ಪರ ನಿಂತು ತಮ್ಮ ಮೇಲೆಯೇ ಗುಂಡು ಹಾರಿಸಿದ್ದವರನ್ನು, ಒಳಗೆ ಸೇರಿಸಿಕೊಂಡಿದ್ದರು. ಸಮವಸ್ತ್ರ ಒಂದಾಯಿತು, ನಿಷ್ಠೆ ಹಳೆಯ ನಾಯಕರಿಗೇ ಉಳಿಯಿತು. ಮಾಚಾರರ ಬಣದವರು 1991ರಲ್ಲಿ ಬೋರ್ ಊರಿನ ಡಿಂಕಾಗಳನ್ನು ಕೊಂದದ್ದನ್ನು ಯಾರೂ ಮರೆತಿರಲಿಲ್ಲ.

2013ರ ಡಿಸೆಂಬರ್ 15ರ ರಾತ್ರಿ ರಾಜಧಾನಿ ಜೂಬಾದಲ್ಲಿ ಅಧ್ಯಕ್ಷರ ಅಂಗರಕ್ಷಕ ಪಡೆಯೊಳಗೇ ಗುಂಡು ಹಾರಿತು. ಮರುದಿನ ಕೀರ್ ಸೈನಿಕ ಉಡುಪಿನಲ್ಲಿ ಟಿವಿಗೆ ಬಂದು, ಇದು ತಮ್ಮನ್ನು ಉರುಳಿಸುವ ಸಂಚು ಎಂದರು. ಜೂಬಾದಲ್ಲಿ ನುಯೆರ್ ಗಂಡಸರನ್ನು ಮನೆಮನೆ ಹುಡುಕಿ ಕೊಂದರು. ಬೋರ್, ಮಲಕಾಲ್, ಬೆಂಟಿಯುಗಳಿಗೆ ಬೆಂಕಿ ಹಬ್ಬಿತು. ಸಂಚಿಗೆ ಪುರಾವೆ ಸಿಗಲಿಲ್ಲವೆಂದು ಆಫ್ರಿಕನ್ ಒಕ್ಕೂಟದ ತನಿಖಾ ಆಯೋಗ ಆಮೇಲೆ ಹೇಳಿತು. ಜನಾಂಗ ನೋಡಿ ಕೊಂದದ್ದು ನಿಜವೇ. ಅಷ್ಟನ್ನೇ ತಲೆಬರಹಕ್ಕೆ ತಂದರೆ ಗಾದಿ, ತೈಲ, ಸೇನೆ ಮೂರೂ ಮರೆಯಾಗುತ್ತವೆ ಎಂಬುದು ನನ್ನ ತಕರಾರು.

ಸದ್ಯಕ್ಕೆ ‘ಅಂತರ್ಯುದ್ಧ’ ಎಂದು ಇಟ್ಟುಕೊಂಡಿದ್ದೇನೆ. ‘ನಾಗರಿಕ ಯುದ್ಧ’ ಎಂದರೆ ಏನೋ ಸಭ್ಯರ ಕಾಳಗದಂತೆ ಕೇಳುತ್ತದೆ. ಗೆಳೆಯರೊಬ್ಬರು ಸೂಚಿಸಿದ ‘ದಾಯಾದಿ ಕಲಹ’ದಲ್ಲಿ ಪಾಲಿನ ಆಸೆ ಚೆನ್ನಾಗಿ ಬರುತ್ತದೆ, ಆದರೆ ರಕ್ತಸಂಬಂಧವೂ ಜೊತೆಗೇ ಬಂದುಬಿಡುತ್ತದೆ.

ಎರಡು ಕಡೆ ತಡೆದು ನಿಂತಿದ್ದೇನೆ. ಡಿಂಕಾ, ನುಯೆರ್ ಜನರನ್ನು ಏನೆನ್ನಬೇಕು? ‘ಸಮುದಾಯ’ ನಮ್ಮಲ್ಲೀಗ ಜಾತಿಗೆ ಇಟ್ಟ ಮರ್ಯಾದೆಯ ಹೆಸರು, ‘ಜನಾಂಗ’ವೂ ಅದೇ ಹಾದಿ ಹಿಡಿದಿದೆ. ಇನ್ನೊಂದು, ಮಾಚಾರರ ಪರ ಕಾದಿದ ನುಯೆರ್ ದನಗಾಹಿ ಯುವಕರ ದಂಡಿನ ಹೆಸರು, ಇಂಗ್ಲಿಷಿನಲ್ಲಿ ‘ವೈಟ್ ಆರ್ಮಿ’. ಹುಳಹುಪ್ಪಟೆ ಕಚ್ಚದಿರಲೆಂದು ಮೈಗೆ ಬೂದಿ ಬಳಿದುಕೊಳ್ಳುವುದರಿಂದ ಆ ಹೆಸರು ಬಂತು ಎನ್ನುತ್ತಾರೆ. ‘ಬಿಳಿ ಸೇನೆ’ ಎಂದರೆ ಓದುಗರು ಬಿಳಿಯರ ಸೇನೆ ಎಂದುಕೊಳ್ಳುತ್ತಾರೆ. ‘ಬೂದಿ ಪಡೆ’ ಎನ್ನಬಹುದೇ, ಅಥವಾ ಅದು ತೀರಾ ಸ್ವಾತಂತ್ರ್ಯ ತೆಗೆದುಕೊಂಡಂತಾಯಿತೇ?