ಟು ಕಿಲ್ ಎ ಮಾಕಿಂಗ್‌ಬರ್ಡ್: ಸಾಕ್ಷಿ ಅಷ್ಟು ಸ್ಪಷ್ಟವಿದ್ದರೂ ಟಾಮ್‌ಗೆ ಶಿಕ್ಷೆ ಯಾಕೆ?

ಪ್ರಶ್ನೆ: ಹಾರ್ಪರ್ ಲೀ ಅವರ ಈ ಕಾದಂಬರಿ (1960) ಓದಿ ಮುಗಿಸಿದೆ, ತುಂಬಾ ಸಂಕಟವಾಗ್ತಿದೆ. ಮಯೆಲ್ಲಾ ಅನ್ನೋ ಬಿಳಿ ಹುಡುಗಿಯನ್ನು ಹೊಡೆದು ಅತ್ಯಾಚಾರ ಮಾಡಿದ ಅಂತ ಕಪ್ಪು ಯುವಕ ಟಾಮ್ ರಾಬಿನ್ಸನ್ ಮೇಲೆ ಆರೋಪ. ಆದರೆ ಅವಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ, ಅಂದರೆ ಹೊಡೆದವನು ಎಡಗೈ ಬಳಸಿರಬೇಕು. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಊನವಾಗಿದೆ. ಅವಳ ಅಪ್ಪ ಎಡಚ. ಇದೆಲ್ಲ ಕೋರ್ಟಿನಲ್ಲೇ ಕಣ್ಣಿಗೆ ಕಂಡ ಮೇಲೂ ಜ್ಯೂರಿ (ತೀರ್ಪು ಹೇಳಲು ಕೂರಿಸಿದ ಊರಿನ ಜನರ ತಂಡ) ಅವನೇ ತಪ್ಪಿತಸ್ಥ ಅಂತ ಹೇಗೆ ತೀರ್ಪು ಕೊಟ್ಟಿತು?

ಉತ್ತರ 1: ಕಥೆ ನಡೆಯೋದು 1930ರ ದಶಕದ ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ಜ್ಯೂರಿಯಲ್ಲಿ ಇದ್ದವರೆಲ್ಲ ಬಿಳಿಯರು. ಟಾಮ್ ‘ಅವಳನ್ನು ನೋಡಿ ಪಾಪ ಅನ್ನಿಸಿತು’ ಅನ್ನೋ ಅರ್ಥದ ಮಾತು ಹೇಳ್ತಾನಲ್ಲ, ಕಪ್ಪು ಮನುಷ್ಯನೊಬ್ಬ ಬಿಳಿ ಹೆಣ್ಣಿನ ಬಗ್ಗೆ ಕನಿಕರ ಪಟ್ಟದ್ದನ್ನೇ ಅವರಿಗೆ ಸಹಿಸಲು ಆಗಲಿಲ್ಲ. ನಿಜ ಜೀವನದಲ್ಲೂ ಹೀಗೇ ಆಗಿದೆ. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೊದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಬಂತು, ಮೊದಲ ವಿಚಾರಣೆಯಲ್ಲೇ ಎಂಟು ಜನರಿಗೆ ಮರಣದಂಡನೆ ವಿಧಿಸಿದರು.

ಉತ್ತರ 2: ಎಲ್ಲರೂ ಟಾಮ್‌ನ ವಕೀಲ ಆಟಿಕಸ್‌ನ ಧೈರ್ಯದ ಬಗ್ಗೆ ಮಾತಾಡ್ತಾರೆ, ಸರಿಯೇ. ನನಗೆ ರಾತ್ರಿ ಜೈಲಿನ ಎದುರು ನಡೆಯೋ ದೃಶ್ಯ ಜಾಸ್ತಿ ಇಷ್ಟ. ಟಾಮ್‌ನನ್ನು ಕೊಲ್ಲಲು ಬಂದ ಗುಂಪಿನಲ್ಲಿ ಆಟಿಕಸ್‌ನ ಪುಟ್ಟ ಮಗಳು ಸ್ಕೌಟ್, ಬಡ ರೈತ ಕನಿಂಗ್‌ಹ್ಯಾಮ್ ಅವರ ಗುರುತು ಹಿಡಿದು, ಅವರ ಮಗನ ಬಗ್ಗೆ ಸುಮ್ನೆ ಮಾತಾಡಿಸ್ತಾಳೆ. ಗುಂಪು ವಾಪಸ್ ಹೋಗುತ್ತದೆ. ಆಮೇಲೆ ಜ್ಯೂರಿಯಲ್ಲಿ ಟಾಮ್‌ನನ್ನು ಬಿಡಬೇಕು ಅಂತ ಮೊದಲು ಪಟ್ಟು ಹಿಡಿದವನೂ ಕನಿಂಗ್‌ಹ್ಯಾಮ್‌ಗಳ ಕಡೆಯವನೇ, ಗಮನಿಸಿದಿರಾ?

ಉತ್ತರ 3: ಒಪ್ಪುತ್ತೇನೆ, ಆದರೆ ಒಂದು ಕೊರಗು ಇದೆ. ಟಾಮ್ ತನ್ನ ಮಾತನ್ನು ಹೇಳೋದು ಕೋರ್ಟಿನಲ್ಲಿ ಮಾತ್ರ. ಅವನ ಹೆಂಡತಿ ಹೆಲೆನ್ ಏನನ್ನು ಅನುಭವಿಸಿದಳು ಅನ್ನೋದು ಅವಳದೇ ಮಾತಿನಲ್ಲಿ ನಮಗೆ ಸಿಗೋದಿಲ್ಲ, ಅಲ್ವಾ?