ಪದಚರ್ಚೆ: ಚಿಮಣಿಯೊಳಗಿನ ಸ್ಟೀಲ್ ಲೈನರ್, ಅದರ ಮಸಿ, ಅದನ್ನು ಉಜ್ಜುವ ಕೆಲಸ – ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಕೈಪಿಡಿಗೆ ಪದಗಳು ಬೇಕಾಗಿವೆ. ಸಂದರ್ಭ ಮೊದಲೇ ಹೇಳಿಬಿಡುತ್ತೇನೆ. ನಾನಿರುವುದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಮಿಶಿಗನ್ ಸರೋವರದ ಪೂರ್ವ ದಡದ ಕಡೆ. ನೀರಿನ ಪಕ್ಕದ ಹಳೇ ಮನೆಗಳಲ್ಲಿ ಇಟ್ಟಿಗೆ ಚಿಮಣಿ ಇರುತ್ತದೆ. ಎಷ್ಟೋ ಕಡೆ ಅದರೊಳಗೆ ಆಮೇಲೆ ಇಳಿಬಿಟ್ಟ ಸ್ಟೀಲ್ ಕೊಳವೆ, ಅಂದರೆ ಲೈನರ್ ಇರುತ್ತದೆ. ಅಂಥ ಮನೆ ಕೊಂಡ ಕನ್ನಡದವರು ನಾವು ಕೆಲವರಿದ್ದೇವೆ. ಹಗಲು ಹೊತ್ತು ಸೌದೆ ಒಲೆ ನೋಡಿಕೊಳ್ಳುವವರು ಊರಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ. ಬೆಂಕಿ ಹಾಕೋದನ್ನು ಅವರಿಗೆ ನಾವು ಹೇಳಿಕೊಡಬೇಕಿಲ್ಲ. ಈ ಲೈನರ್ ಮಾತ್ರ ಅವರಿಗೆ ಹೊಸದು. ಅದಕ್ಕೇ ಎರಡು ಪುಟದ ಕನ್ನಡ ಕೈಪಿಡಿ.

ಬರೆಯಲು ಕೂತರೆ ಮೊದಲು ಬರುವುದು 'ಹೊಗೆಕೊಳವೆಯನ್ನು ನಿಯಮಿತವಾಗಿ ಸ್ವಚ್ಛಗೊಳಿಸಿ ಪರಿಶೀಲಿಸತಕ್ಕದ್ದು' ಅನ್ನುವಂಥ ವಾಕ್ಯ. ವ್ಯಾಕರಣ ಸರಿಯಿದೆ. ಓದಿದವರಿಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಉಜ್ಜಬೇಕಾ, ತೊಳೆಯಬೇಕಾ, ಕೆರೆಯಬೇಕಾ? ಇದರಲ್ಲಿ ಒಂದು ಸರಿ, ಮಿಕ್ಕವು ಲೈನರನ್ನೇ ಹಾಳುಮಾಡುತ್ತವೆ. ಹಾಗಾಗಿ ಕೈಗೆ ಕೆಲಸ ಹೇಳುವ ಪದಗಳು ಬೇಕು, ಕಡತದ ಪದಗಳಲ್ಲ.

ಮೊದಲು 'ಚಿಮಣಿ'ಯದೇ ತೊಡಕು. ಧಾರವಾಡದ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ದೀಪ. ಸೀಮೆಎಣ್ಣೆಗೇ ಚಿಮಣಿ ಎಣ್ಣೆ ಅನ್ನುತ್ತಾರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಚಿಮಣಿ ಅಂದರೆ ಒಗ್ಗರಣೆ ಹೊಗೆ ಎಳೆಯುವ ಫ್ಯಾನಿನ ಪೆಟ್ಟಿಗೆ. ಮರಾಠಿ ಮನೆಮಾತಿನವರಿಗೆ ಅದು ಗುಬ್ಬಿಯೂ ಹೌದು. ಪುಸ್ತಕದ ಕನ್ನಡದಲ್ಲಿ 'ಹೊಗೆಗೂಡು' ಇದೆ, ನನಗೆ ಇಷ್ಟದ ಪದ. ಆದರೆ ನಮ್ಮ ಮನೆಗಳಲ್ಲಿ ಹೊಗೆ ಹೋಗುತ್ತಿದ್ದದ್ದು ಹೆಂಚಿನ ಸಂದಿಯಲ್ಲಿ, ಬೆಳಕಿಂಡಿಯಲ್ಲಿ. ಹೊಗೆಗಾಗಿಯೇ ಗೋಪುರ ಕಟ್ಟುವ ಚಾಳಿ ನಮಗಿರಲಿಲ್ಲ. ಹಾಗಾಗಿ ಅದರ ಭಾಗಗಳಿಗೂ ಬೇರೆಬೇರೆ ಹೆಸರು ಹುಟ್ಟಲಿಲ್ಲ.

ಇಲ್ಲಿ ಮೂರು ಭಾಗ ಬೇರೆ ಮಾಡಲೇಬೇಕು. ಹೊರಗಿನ ಇಟ್ಟಿಗೆ ಕಟ್ಟಡ ಒಂದು. ಅದರೊಳಗೆ ಹೊಗೆ ಏರುವ ಖಾಲಿ ಜಾಗ ಇನ್ನೊಂದು. ಆ ಜಾಗದಲ್ಲಿ ಮೇಲಿಂದ ಕೆಳಗಿನವರೆಗೆ ನಿಂತಿರುವ ಕೊಳವೆ ಮೂರನೆಯದು. ಸದ್ಯಕ್ಕೆ ನಾನು ಹೊಗೆಗೂಡು, ಹೊಗೆದಾರಿ, ಒಳಕೊಳವೆ ಅಂತ ಬರೆದಿಟ್ಟಿದ್ದೇನೆ. ಹಳೇ ಕಟ್ಟಡಗಳಲ್ಲಿ ಹೊಗೆದಾರಿಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಇನ್ನೂ ಹಳೆಯದರಲ್ಲಿ ಅದೂ ಇಲ್ಲ, ಬರೀ ಇಟ್ಟಿಗೆ. ಮಣ್ಣಿನ ಕೊಳವೆ ಬಿರುಕು ಬಿಟ್ಟರೆ ಬಿಸಿ ಗೋಡೆಯ ಮರಕ್ಕೆ ಮುಟ್ಟುತ್ತದೆ, ವಿಷಗಾಳಿ ಮನೆಯೊಳಗೆ ನುಗ್ಗುತ್ತದೆ. ಅದನ್ನು ತಪ್ಪಿಸಲು ಸ್ಟೀಲ್ ಕೊಳವೆ ಇಳಿಸುತ್ತಾರೆ. ಸೌದೆ ಒಲೆಗೆ ಸಾಮಾನ್ಯವಾಗಿ 6 ಇಂಚು ಅಗಲದ್ದು. ಸುತ್ತ ಬಿಸಿ ಹಿಡಿದಿಡುವ ಹೊದಿಕೆ. ಈ ಹೊದಿಕೆಗೆ 'ಕಂಬಳಿ' ಅಂತಲೇ ಬರೆದಿದ್ದೇನೆ, ಅದಕ್ಕೆ ಚರ್ಚೆ ಬೇಡ ಅನಿಸುತ್ತದೆ.

ಲೈನರ್ ಪದಕ್ಕೆ ಗೆಳೆಯರು ಹೇಳಿದ್ದು ಹಲವು. ಒಬ್ಬರು 'ಅಸ್ತರು' ಅಂದರು. ದರ್ಜಿ ಹಾಕುವ ಅಸ್ತರು ಬಟ್ಟೆಗೆ ಹೊಲಿದುಕೊಂಡೇ ಇರುತ್ತದೆ. ಇದು ಇಟ್ಟಿಗೆಯಿಂದ ಬಿಡಿಸಿಕೊಂಡು ನಿಂತಿರುವ ಕೊಳವೆ. 'ಒಳಪದರ' ಅಂದರೆ ಗಿಲಾವು ಮಾಡಿದ ಹಾಗೆ ಕೇಳಿಸುತ್ತದೆ. 'ಕಲಾಯಿ' ಅಂದವರೂ ಇದ್ದಾರೆ, ಚೆಂದದ ಪದ, ಆದರೆ ಅದು ಲೇಪ. ಕೆಲಸದಲ್ಲಿ ಹತ್ತಿರ ಬರುವುದು ಕೊಳವೆಬಾವಿಯವರ 'ಕೇಸಿಂಗ್'. ಅದನ್ನೂ ಮೇಲಿಂದಲೇ ಇಳಿಸುತ್ತಾರೆ, ಗೋಡೆ ಕಾಯುವುದಕ್ಕೇ ಇಳಿಸುತ್ತಾರೆ. ಆದರೆ ಅದೂ ಇಂಗ್ಲಿಷೇ ಆದಮೇಲೆ ಲೈನರ್ ಅಂದರೇನು ತಪ್ಪು? ಮೊದಲ ಸಲ 'ಒಳಕೊಳವೆ, ಅಂದರೆ ಲೈನರ್' ಅಂತ ಬರೆದು ಆಮೇಲೆ ಲೈನರ್ ಅನ್ನೋಣ ಅಂತಿದ್ದೇನೆ. ಚಿಮಣಿ ಉಜ್ಜುವವನು ಬಂದು ಹೇಳುವುದು ಆ ಪದವನ್ನೇ, ಅಲ್ವಾ?

ಇನ್ನು ಸ್ಟೀಲ್. ಪಠ್ಯಪುಸ್ತಕದ 'ತುಕ್ಕು ಹಿಡಿಯದ ಉಕ್ಕು', 'ಕಲೆರಹಿತ ಉಕ್ಕು' ಎರಡನ್ನೂ ನಾನು ಬಿಡಬೇಕೆಂದಿದ್ದೇನೆ. ಅವು ಸುಳ್ಳು ಧೈರ್ಯ ಕೊಡುತ್ತವೆ. ತುಕ್ಕು ಹಿಡಿಯಲ್ಲ ಅಂದಮೇಲೆ ಯಾರು ಬಗ್ಗಿ ನೋಡುತ್ತಾರೆ? ಈ ಉಕ್ಕಿನಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ. ಅದು ಗಾಳಿ ತಗುಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಳ್ಳುತ್ತದೆ. ಪೊರೆ ಇರುವ ತನಕ ಉಕ್ಕು ಕ್ಷೇಮ. ಉಪ್ಪಿನಲ್ಲಿರುವ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ಉಪ್ಪನ್ನು ಸ್ಟೀಲ್ ಡಬ್ಬದಲ್ಲಿ ಇಡಬಾರದು ಅಂತ ನಮ್ಮ ಅಮ್ಮಂದಿರು ಹೇಳುವುದು ಇದೇ ಕಾರಣಕ್ಕೆ. ಡಬ್ಬದ ಹೊರಮೈ ಫಳಫಳ ಹೊಳೆಯುತ್ತಿರುತ್ತದೆ, ತಳದಲ್ಲಿ ಸೂಜಿ ಮೊನೆಯಷ್ಟು ತೂತು. ಲೈನರಿನಲ್ಲೂ ಆಗುವುದು ಅದೇ.

ಒಳ್ಳೇ ಪಾತ್ರೆಯ ಸ್ಟೀಲ್ ಸಾಮಾನ್ಯವಾಗಿ 304 ಜಾತಿಯದು, ಅಂದರೆ ಸುಮಾರು 18% ಕ್ರೋಮಿಯಂ, 8% ನಿಕಲ್. ಸೌದೆ ಒಲೆಯ ಲೈನರಿಗೆ 316 ಜಾತಿಯದು ಹೆಚ್ಚು ಬಳಕೆಯಲ್ಲಿದೆ. ಅದರಲ್ಲಿ 2ರಿಂದ 3% ಮಾಲಿಬ್ಡಿನಂ ಇರುತ್ತದೆ, ಕ್ಲೋರೈಡನ್ನು ಸ್ವಲ್ಪ ಜಾಸ್ತಿ ತಡೆಯುತ್ತದೆ. ಸ್ವಲ್ಪ ಜಾಸ್ತಿ, ಪೂರ್ತಿ ಅಲ್ಲ.

ಇಲ್ಲೊಂದು ಮಾತು ಸೇರಿಸಬೇಕು. ಸರೋವರದ ಗಾಳಿಗೆ ಉಕ್ಕು ಹಾಳಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಇದು ಸಿಹಿನೀರಿನ ಸರೋವರ, ಕಡಲ ಉಪ್ಪುಗಾಳಿ ಇಲ್ಲಿಲ್ಲ. ತೇವ ಒಂದೇ ಲೈನರನ್ನು ತಿನ್ನುವುದಿಲ್ಲ. ಒಳಗೆ ಉಳಿದ ಮಸಿ ತೇವ ಹೀರಿ ಹುಳಿ ಬಿಡುತ್ತದೆ, ಆ ಹುಳಿ ತಿನ್ನುತ್ತದೆ. ಕ್ಲೋರೈಡ್ ಬರುವುದು ನಾವೇ ಒಲೆಗೆ ಹಾಕುವ ಪ್ಲಾಸ್ಟಿಕ್, ಬಣ್ಣ ಬಳಿದ ಹಲಗೆಗಳಿಂದ, ಒಲೆಯ ಪಕ್ಕ ಇಟ್ಟ ಬ್ಲೀಚ್ ಡಬ್ಬದಿಂದ. 'ಹುಳಿ' ಅಂದರೆ ಸಾಕಲ್ಲ, 'ಆಮ್ಲ' ಬೇಕಾ?

ತೇವದ ಪದಗಳಲ್ಲಿ ಕನ್ನಡ ಶ್ರೀಮಂತವಾಗಿದೆ. 'ಆರ್ದ್ರತೆ' ಹವಾಮಾನ ವರದಿಗಿರಲಿ. ತೇವ, ಪಸೆ, ಥಂಡಿ, ಹಸಿ, ಒದ್ದೆ ಎಲ್ಲ ಬೇರೆಬೇರೆ. ಸೌದೆಯ ವಿಷಯದಲ್ಲಿ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಮಳೆಗೆ ನೆನೆದ ಒಣಸೌದೆ 'ಒದ್ದೆ', ಗಾಳಿಗಿಟ್ಟರೆ ಬೇಗ ಆರುತ್ತದೆ. ಈಚೆಗೆ ಕಡಿದದ್ದು 'ಹಸಿ', ಸೀಳಿ ತಿಂಗಳುಗಟ್ಟಲೆ ಒಟ್ಟಿಡಬೇಕು. ತೂಕದಲ್ಲಿ ನೀರು 20%ಗಿಂತ ಕಡಿಮೆಯಾಗುವ ತನಕ ಉರಿಸಬಾರದು ಅನ್ನುವುದು ಇಲ್ಲಿನ ಲೆಕ್ಕ. 'ಹಸಿ ಸೌದೆ ಬೇಡ' ಅಂತ ಒಂದು ಸಾಲು ಬರೆದರೆ ಮಾವನವರಿಗೆ ಮಿಕ್ಕಿದ್ದು ತಾನೇ ಅರ್ಥವಾಗುತ್ತದೆ.

'ಸಾಂದ್ರೀಕರಣ'ದ ಬದಲು 'ಬೆವರು' ಹಾಕಿದ್ದೇನೆ. ತಣ್ಣೀರಿನ ತಂಬಿಗೆ ಬೆವರುತ್ತದೆ, ಮಳೆಗಾಲದಲ್ಲಿ ನೆಲ ಬೆವರುತ್ತದೆ, ಲೈನರೂ ಬೆವರುತ್ತದೆ. ಕೊಳವೆಯೊಳಗೆ ಹೊಗೆಯ ಬಿಸಿ ಸುಮಾರು 250 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ 120 ಸೆಲ್ಸಿಯಸ್‌ಗಿಂತ ಇಳಿದರೆ ಅದರಲ್ಲಿರುವ ನೀರು, ಎಣ್ಣೆಯಂಥ ಅಂಶ ಎಲ್ಲ ಒಳಗೋಡೆಗೆ ಕೂರುತ್ತವೆ. ಸರೋವರದ ಗಾಳಿಗೆ ಮೈಯೊಡ್ಡಿದ ಹೊರಗೋಡೆಯ ಚಿಮಣಿ ಬೇಗ ತಣ್ಣಗಾಗುತ್ತದೆ. ವಾರಕ್ಕೊಮ್ಮೆ ಬಂದು ಹೋಗುವ ಮನೆಗಳಲ್ಲಿ ಅದು ಕಾಯುವುದೇ ಇಲ್ಲ. ಅದರ ಜೊತೆಗೆ ರಾತ್ರಿಯಿಡೀ ಬೆಂಕಿ ಉಳಿಯಲಿ ಅಂತ ಗಾಳಿಕಿಂಡಿ ಮುಚ್ಚಿ ಹೊಗೆಯಾಡಿಸುತ್ತಾರೆ. ಮಸಿ ಕಟ್ಟಲು ಇನ್ನೇನು ಬೇಕು?

ಈಗ ಮಸಿಗೆ ಬರೋಣ. ನನಗೆ ನಿಮ್ಮ ಸಹಾಯ ಜಾಸ್ತಿ ಬೇಕಾದದ್ದು ಇಲ್ಲೇ. ಸೌದೆ ಹೊಗೆಯಿಂದ ಒಳಗೋಡೆಗೆ ಕಟ್ಟುವ ಈ ಮಸಿಗೆ ಇಲ್ಲಿನ ಚಿಮಣಿಯವರು ಕ್ರಿಯೋಸೋಟ್ ಅನ್ನುತ್ತಾರೆ, ಅದನ್ನು ಮೂರು ಹಂತ ಮಾಡುತ್ತಾರೆ. ಮೊದಲನೆಯದು ಪುಡಿ, ಬ್ರಷ್ ಆಡಿಸಿದರೆ ಉದುರುತ್ತದೆ. ಎರಡನೆಯದು ಗಟ್ಟಿಯಾದ ಹೊಳೆಯುವ ಚೂರುಗಳು. ಮೂರನೆಯದು ಡಾಂಬರಿನಂತೆ ಹರಿದು ಗಾಜಿನಂತೆ ಗಟ್ಟಿಯಾದದ್ದು. ಅದಕ್ಕೆ ಬೆಂಕಿ ಹತ್ತಿಕೊಂಡರೆ ಚಿಮಣಿಯೇ ಉರಿಯುತ್ತದೆ. ಮೂರಕ್ಕೂ 'ಮಸಿ' ಅಂದರೆ ಅಪಾಯ ಎಲ್ಲಿ ಶುರು ಅಂತ ತಿಳಿಯುವುದಿಲ್ಲ. ಮೊದಲನೆಯದಕ್ಕೆ ಮಸಿ ಇರಲಿ. ಎರಡನೆಯದಕ್ಕೆ 'ಹಕ್ಕಳೆ' ಹೇಗೆ? ಗಾಯ ಹಕ್ಕಳೆ ಕಟ್ಟುತ್ತದೆ, ಗೋಡೆ ಬಣ್ಣ ಹಕ್ಕಳೆ ಏಳುತ್ತದೆ. ಮೂರನೆಯದಕ್ಕೆ 'ಕಿಟ್ಟ' ನೆನಪಾಗುತ್ತದೆ, ಬತ್ತಿಯ ತುದಿಯಲ್ಲಿ ಕಟ್ಟುವ ಕಿಟ್ಟ. ಆದರೆ ಕೆಲವರಿಗೆ ಕಿಟ್ಟ ಅಂದರೆ ಕಬ್ಬಿಣದ ಕಿಟ್ಟವೇ. ಲೈನರಿನ ಮಾತಿನ ನಡುವೆ ಅದು ಗೊಂದಲ ಮಾಡಬಹುದು.

ಇವೆಲ್ಲದರ ಮೇಲೆ 'ಇಲ್ಲಣ' ಇದೆ. ಅಡುಗೆಮನೆಯ ಜಂತಿಯಿಂದ ಜೇಡರಬಲೆ ಸಮೇತ ನೇತಾಡುವ ಕರಿ. ಮಲೆನಾಡಿನ ಹಳೇ ಮನೆಗಳಲ್ಲಿ ಮಳೆಗಾಲದಲ್ಲಿ ಅದು ಥಂಡಿ ಹಿಡಿದು ಕಂದು ಹನಿಯಾಗಿ ತೊಟ್ಟಿಕ್ಕುತ್ತದೆ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಅದೇ ಅಲ್ಲವೇ ಕ್ರಿಯೋಸೋಟು? ಇಡೀ ಗುಂಪಿಗೆ ಇಲ್ಲಣ ಅಂತ ಹೆಸರಿಟ್ಟು, ಪುಡಿ ಇಲ್ಲಣ, ಹಕ್ಕಳೆ ಇಲ್ಲಣ, ಗಾಜು ಇಲ್ಲಣ ಅನ್ನಬಹುದೇ? ನನ್ನ ಓಟು ಇದಕ್ಕೇ. ಬಯಲುಸೀಮೆಯವರಿಗೆ ಈ ಪದ ಎಷ್ಟು ಪರಿಚಯ, ನೀವೇ ಹೇಳಬೇಕು.

ಎಷ್ಟು ದಪ್ಪ ಕಟ್ಟಿದರೆ ತೆಗೆಸಬೇಕು ಅನ್ನುವುದಕ್ಕೆ ಇಂಚಿನ ಎಂಟನೇ ಒಂದು ಭಾಗದ ಲೆಕ್ಕವಿದೆ, 3 ಮಿಲಿಮೀಟರ್ ಚಿಲ್ಲರೆ. ಬಡಗಿಗಳ ಲೆಕ್ಕದಲ್ಲಿ ಅದು ಸರಿಯಾಗಿ ಒಂದು ನೂಲು. 'ಒಂದು ನೂಲು ಮಸಿ ಕಂಡರೆ ಬ್ರಷ್ ಹಾಕಿಸಿ' ಅಂತ ಬರೆದಿದ್ದೇನೆ. ಮರಗೆಲಸ ಗೊತ್ತಿಲ್ಲದವರಿಗಾಗಿ ಪಕ್ಕದಲ್ಲಿ ಒಂದು ಗೆರೆ ಎಳೆದು ತೋರಿಸುತ್ತೇನೆ.

ಕ್ರಿಯಾಪದಗಳು ಹೆಚ್ಚುಕಡಿಮೆ ತೀರ್ಮಾನವಾಗಿವೆ. ಲೈನರನ್ನು ಉಜ್ಜಬೇಕು, ಮಸಿ ಉದುರಿಸಬೇಕು. ಕೆರೆಯಬಾರದು, ತೊಳೆಯಬಾರದು. ಲೈನರಿನ ಅಗಲಕ್ಕೆ ಸರಿಹೊಂದುವ ನೈಲಾನ್ ಅಥವಾ ಪಾಲಿ (ಪ್ಲಾಸ್ಟಿಕ್ ಎಳೆಯ) ಬ್ರಷ್ ಬೇಕು. ಸಾದಾ ಕಬ್ಬಿಣದ ತಂತಿ ಬ್ರಷ್ ಆಡಿಸಿದರೆ ಕಬ್ಬಿಣದ ಕಣ ಸ್ಟೀಲಿಗೆ ಕಚ್ಚಿಕೊಂಡು ಅಲ್ಲಿಂದಲೇ ತುಕ್ಕು ಶುರು. ಹಕ್ಕಳೆಗೆ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುವ ನೈಲಾನ್ ಎಳೆಗಳಿವೆ. ಮೂರನೇ ಹಂತದ್ದು ಬ್ರಷ್ಷಿಗೆ ಜಗ್ಗುವುದಿಲ್ಲ, ಅದನ್ನು ಪುಡಿಪುಡಿ ಮಾಡುವ ಔಷಧಿ ಹಾಕುತ್ತಾರೆ, ಆಗದಿದ್ದರೆ ಲೈನರೇ ಬದಲು. ಇದೆಲ್ಲ ಒಲೆ ಹಚ್ಚುವ ಕಾಲ ಮುಗಿದ ಕೂಡಲೇ, ವಸಂತದಲ್ಲೇ ಆಗಬೇಕು. ಚಳಿ ಬರುವ ಹೊತ್ತಿಗೆ ನೋಡೋಣ ಅಂದರೆ ಜುಲೈ, ಆಗಸ್ಟಿನ ತೇವವನ್ನೆಲ್ಲ ಮಸಿ ಕುಡಿದಿರುತ್ತದೆ. ಆಗ ಒಲೆ ಬಾಯಿಂದ ಇಳಿಯುವ ಆ ವಾಸನೆಗೆ 'ಕಮಟು' ಸರಿಯೋ, 'ಮುಗ್ಗಲು' ಸರಿಯೋ?

ಪರೀಕ್ಷೆಗೆ ಇಲ್ಲಿ ಎನ್‌ಎಫ್‌ಪಿಎ ಅನ್ನುವ ಬೆಂಕಿ ಸುರಕ್ಷತೆಯ ಸಂಸ್ಥೆಯ 211ನೇ ನಿಯಮಾವಳಿ ಇದೆ. ವರ್ಷಕ್ಕೊಮ್ಮೆ ತೋರಿಸಿ ಅನ್ನುತ್ತದೆ, ಮೂರು ಮಟ್ಟ ಹೇಳುತ್ತದೆ. 'ಪ್ರಥಮ ಸ್ತರದ ಪರಿಶೀಲನೆ' ಅಂತ ಬರೆಯಲು ನನ್ನ ಕೈ ಬರುತ್ತಿಲ್ಲ. ಕೈಗೆಟುಕುವಷ್ಟನ್ನು 'ಬಗ್ಗಿ ನೋಡುವುದು', ಆಮೇಲೆ 'ಕ್ಯಾಮೆರಾ ಇಳಿಸಿ ನೋಡುವುದು', ಕೊನೆಗೆ 'ಒಡೆದು ನೋಡುವುದು'. ಮನೆ ಮಾರುವಾಗ, ಚಿಮಣಿಗೆ ಬೆಂಕಿ ಬಿದ್ದಮೇಲೆ, ಒಲೆ ಬದಲಾಯಿಸಿದಾಗ ಎರಡನೆಯದು ಬೇಕು. 'ಮೇಲ್ನೋಟ' ಅನ್ನಬಹುದಿತ್ತು, ಆದರೆ ಕನ್ನಡದಲ್ಲಿ ಅದು ಬೈಗುಳಕ್ಕೆ ಹತ್ತಿರ. ವಿಪರೀತ ಕಾದು ಬಣ್ಣ ತಿರುಗಿದ ಸ್ಟೀಲಿಗೆ 'ನೀಲಿಗಟ್ಟಿದೆ' ಅಂತ ಇಟ್ಟಿದ್ದೇನೆ. ಬೈಕಿನ ಸೈಲೆನ್ಸರ್ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ತುದಿಯ ಮುಚ್ಚಳಕ್ಕೆ 'ಟೋಪಿ'. ಅದರ ಜಾಲರಿ ಮಸಿ ಕಟ್ಟಿಕೊಂಡರೆ ಹೊಗೆ 'ಎಳೆಯುವುದಿಲ್ಲ'. ಈ ಕ್ರಿಯಾಪದ ನಮ್ಮ ಒಲೆಗಳಿಂದಲೇ ಬಂದದ್ದು. ಟೋಪಿ ಇಲ್ಲದಿದ್ದರೆ ಚಿಮಣಿ ಸ್ವಿಫ್ಟ್ ಅನ್ನುವ ಹಕ್ಕಿಗೆ ಕಷ್ಟ. ಇಟ್ಟಿಗೆಯ ಹೊಗೆಗೂಡಿನಲ್ಲಿ ಅದು ಗೂಡು ಕಟ್ಟುತ್ತದೆ, ಮೊಟ್ಟೆ ಮರಿ ಇರುವಾಗ ಕೀಳುವಂತಿಲ್ಲ, ವಲಸೆ ಹಕ್ಕಿಗಳನ್ನು ಕಾಯುವ 1918ರ ಕಾನೂನಿದೆ. ನುಣುಪಾದ ಸ್ಟೀಲಿನಲ್ಲಿ ಕಾಲು ನಿಲ್ಲದೆ ಒಳಗೆ ಬಿದ್ದುಹೋಗುತ್ತದೆ. ಮೊದಲು ಹೇಳಿದ ವಿಷಗಾಳಿಯ ಹೆಸರು 'ಕಾರ್ಬನ್ ಮಾನಾಕ್ಸೈಡ್' ಅನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಗೋಡೆಯ ಅಲಾರಂ ಮೇಲೆ ಬರೆದಿರುವುದೂ ಅದೇ.

ಕೇಳಬೇಕಾದದ್ದು ಎರಡು ಉಳಿದಿವೆ. ಉಪ್ಪಿನ ಡಬ್ಬದ ತಳದಲ್ಲಿ ಬೀಳುವ ಸೂಜಿ ತೂತಿಗೆ, ಅದು ಬೀಳುವ ಮೊದಲು ಕಾಣುವ ಕಂದು ಚುಕ್ಕೆಗೆ ನಿಮ್ಮ ಮನೆಗಳಲ್ಲಿ ಹೆಸರಿದೆಯೇ? 'ಚುಕ್ಕೆತುಕ್ಕು' ಅಂತ ನಾನೇ ಕಟ್ಟಿಕೊಳ್ಳಬಹುದು, ಬಳಕೆಯಲ್ಲಿರುವುದು ಸಿಕ್ಕರೆ ವಾಸಿ. ಇನ್ನೊಂದು ಅಸ್ತ್ರ ಒಲೆಯ ಕಾಲದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಆ ಒಲೆಗೆ ಹೊಗೆ ಕೊಳವೆ ಇತ್ತು, ಅದರಲ್ಲೂ ಮಸಿ ಕಟ್ಟುತ್ತಿತ್ತು, ಮನೆಯ ಹೆಂಗಸರೇ ಅದನ್ನು ತೆಗೆಯುತ್ತಿದ್ದರು. ಆ ಕೊಳವೆಗೆ, ಆ ಕೆಲಸಕ್ಕೆ ಅವರು ಏನನ್ನುತ್ತಿದ್ದರು? ನೆನಪಿರುವವರು, ಇಲ್ಲವೇ ಮನೆಯಲ್ಲಿ ಹಿರಿಯರನ್ನು ಕೇಳಬಲ್ಲವರು, ತಾಲ್ಲೂಕಿನ ಹೆಸರಿನ ಜೊತೆ ಬರೆಯಿರಿ.