ದಾಶಿಯೆಂಬ ಕಾಣದ ಮೀನು

ಟೋಕಿಯೋಗೆ ಹೊರಟ ಸಸ್ಯಾಹಾರಿ ಕುಟುಂಬಗಳು ಇಲ್ಲೇ ನೆಲೆಸಿರುವ ನಮ್ಮನ್ನು ಮೊದಲು ಕೇಳುವುದು ಊಟಕ್ಕೇನು ಗತಿ ಎಂದು. ಮನೆಯ ಅಡುಗೆಯ ಮಟ್ಟಿಗೆ ಚಿಂತೆ ಬೇಡ. 2000ದ ಆಸುಪಾಸಿನಿಂದ ಭಾರತೀಯ ಸಾಫ್ಟ್‌ವೇರ್ ಎಂಜಿನಿಯರುಗಳು ನೆಲೆಸುತ್ತ ಬಂದಿರುವ ಟೋಕಿಯೋದ ನಿಶಿಕಸಾಯಿ ಬಡಾವಣೆಯ ಅಂಗಡಿಗಳಲ್ಲಿ ತೊಗರಿಬೇಳೆ, ಹುಣಸೆಹಣ್ಣು, ಇಂಗು ಎಲ್ಲವೂ ಸಿಗುತ್ತವೆ. ತೊಡಕು ಇರುವುದು ಹೊಸ್ತಿಲಾಚೆ, ಅದರಲ್ಲೂ ಮಕ್ಕಳ ಶಾಲೆಯ ಊಟದಲ್ಲಿ.

ಇಲ್ಲಿ ಕಾಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ದಾಶಿ. ಬೊನಿಟೋ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಮರದ ತುಂಡಿನಷ್ಟು ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಕೀಸುಳಿಯಂಥ ಸಾಧನದಿಂದ ತೆಳ್ಳಗೆ ಹೆರೆದು, ಆ ಹೆರಕಲನ್ನು ಬಿಸಿನೀರಿನಲ್ಲಿ ಅದ್ದಿ ಸೋಸಿದರೆ ದಾಶಿ ಸಿದ್ಧ. ಮಿಸೊ ಸೂಪಿಗೂ ಉದೊನ್ ಎಂಬ ನೂಡಲ್ಸಿಗೂ ಬೇಯಿಸಿದ ಕುಂಬಳಕಾಯಿಗೂ ಅದೇ ತಳಹದಿ. ನತ್ತೊ ಎಂದರೆ ಬರಿಯ ಹುದುಗಿಸಿದ ಸೋಯಾ ಕಾಳು ಎಂದು ನಂಬಿ ನಾವು ಒಂದು ವರ್ಷ ತಿಂದೆವು. ಡಬ್ಬಿಯೊಳಗಿನ ಸಾಸಿವೆಯ ಪಕ್ಕದಲ್ಲಿರುವ ಪುಟ್ಟ ಸಾಸ್ ಪೊಟ್ಟಣದಲ್ಲಿ ಮೀನಿನ ಸಾರವಿತ್ತೆಂಬುದು ಅಕ್ಷರ ಓದಲು ಕಲಿತ ಮೇಲೆ ಗೊತ್ತಾಯಿತು. ದಾಶಿಯಿಲ್ಲದೆ ಮಾಡಿಕೊಡಿ ಎಂದು ಇಲ್ಲಿ ಕೇಳುವುದು ನಮ್ಮಲ್ಲಿ ಬೇಳೆಕಟ್ಟಿಲ್ಲದ, ಹುಳಿಯಿಲ್ಲದ ಸಾರು ಕೇಳಿದಂತೆ. ಮೀನಿದೆಯೇ ಎಂದರೆ ಅಡುಗೆಯವರು ಇಲ್ಲವೆನ್ನುತ್ತಾರೆ. ಅದು ಸುಳ್ಳೂ ಅಲ್ಲ, ಏಕೆಂದರೆ ಅವರ ಪಾಲಿಗೆ ಮೀನು ಎಂದರೆ ತಟ್ಟೆಯಲ್ಲಿ ಕಾಣುವ ತುಂಡು.

ಈ ದೇಶಕ್ಕೆ ಮಾಂಸವರ್ಜನೆ ಹೊಸದೇನಲ್ಲ. 675ರಲ್ಲಿಯೇ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ್ದ. ಬಹುಕಾಲ ಉಳಿದ ಈ ವರ್ಜನೆ ಸಡಿಲಿ, ಮೇಜಿ ಚಕ್ರವರ್ತಿ ಗೋಮಾಂಸ ಸೇವಿಸಿದ ಸುದ್ದಿ ಹೊರಬಿದ್ದದ್ದು 1872ರಲ್ಲಿ. ಆದರೆ ಆ ನಿಷೇಧದ ಪಟ್ಟಿಯಲ್ಲಿ ಮೀನು ಇರಲಿಲ್ಲ. ಅದನ್ನು ಪೂರ್ತಿ ಬಿಟ್ಟದ್ದು ದೇವಾಲಯಗಳ ಶೋಜಿನ್ ಅಡುಗೆ ಮಾತ್ರ. ಬೌದ್ಧ ಗುರು ಕೂಕೈ 816ರಲ್ಲಿ ನೆಲೆ ಪಡೆದ ಕೋಯಾಸಾನ್ ಬೆಟ್ಟದ ಮಠಗಳಲ್ಲಿ ಇಂದಿಗೂ ಕೊಂಬು ಎಂಬ ಕಡಲ ಸಸ್ಯ, ಒಣಗಿದ ಶಿಟಾಕೆ ಅಣಬೆಗಳಿಂದ ದಾಶಿ ಮಾಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚಾತುರ್ಮಾಸ್ಯದ ಅಡುಗೆ ಉಂಡು ಬೆಳೆದ ನಮ್ಮ ಅತ್ತೆಯವರಿಗೆ ಅಲ್ಲಿ ಯಾವುದನ್ನೂ ವಿವರಿಸಬೇಕಾಗಲಿಲ್ಲ. ಅಂಗಡಿಗಳಲ್ಲಿ 'ವೆಜಿಟೇರಿಯನ್' ಎನ್ನುವುದಕ್ಕಿಂತ ಶೋಜಿನ್ ಎಂದು ಹೆಸರಿಸಿದರೆ ವಯಸ್ಸಾದವರಿಗೆ ಬೇಗ ಅರ್ಥವಾಗುತ್ತದೆ.

ಇನ್ನು ಶಾಲೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕ್ಯೂಶೋಕು ಎಂಬ ಮಧ್ಯಾಹ್ನದ ಊಟವೂ ಶಿಕ್ಷಣದ ಭಾಗ. 1954ರಿಂದ ಅದಕ್ಕೊಂದು ಕಾನೂನೇ ಇದೆ. ಸರದಿಯ ಮಕ್ಕಳು ಬಿಳಿ ಅಂಗಿ, ಬಿಳಿ ಟೋಪಿ ತೊಟ್ಟು ತರಗತಿಯಲ್ಲೇ ಬಡಿಸುತ್ತಾರೆ, ಎಲ್ಲರೂ ಕೈಮುಗಿದು 'ಇತದಾಕಿಮಸು' ಎಂಬ ಕೃತಜ್ಞತೆಯ ಮಾತು ಹೇಳಿದ ಮೇಲೆಯೇ ಊಟ. ಅಲ್ಲಿ ಒಬ್ಬಳೇ ಬೇರೆ ಡಬ್ಬಿ ಬಿಚ್ಚುವುದು ಆರು ವರ್ಷದ ನಮ್ಮ ಮಗಳಿಗೆ ಸಣ್ಣ ಸಂಗತಿಯಲ್ಲ. ಡಬ್ಬಿಗೆ ಅನುಮತಿ ಕೊಡುವುದು ಬಿಡುವುದು ಶಾಲೆಯಿಂದ ಶಾಲೆಗೆ ಬೇರೆ. ನಮಗೆ ಸಿಕ್ಕಿತು. ತಿಂಗಳ ಊಟದ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಶಾಲೆಯಲ್ಲಿ ಕರಿ ಇದ್ದ ದಿನ ನಾವೂ ತರಕಾರಿ ಕರಿ ಮಾಡಿ, ಕರಿದ ಮೀನಿದ್ದ ದಿನ ತೋಫು ಕರಿದು, ಆದಷ್ಟು ಅದೇ ಬಣ್ಣ ಅದೇ ಆಕಾರದಲ್ಲಿ ಕಳಿಸಿದೆವು. ಅನ್ನವನ್ನೂ 200 ಮಿಲಿಲೀಟರ್ ಹಾಲನ್ನೂ ಅವಳು ಶಾಲೆಯದ್ದನ್ನೇ ತೆಗೆದುಕೊಂಡಳು. ಕೆಲವರು ಮಗುವಿಗೆ ಅಲರ್ಜಿ ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಅಲರ್ಜಿ ಇಲ್ಲಿ ಜೀವಕ್ಕೆ ಸಂಬಂಧಿಸಿದ ಮಾತು, ಅದಕ್ಕೆ ವೈದ್ಯರ ಪತ್ರ ಬೇಕು; ಎಲ್ಲಕ್ಕಿಂತ ಮಿಗಿಲಾಗಿ ಆ ಸುಳ್ಳನ್ನು ದಿನವೂ ಹೊರಬೇಕಾದವರು ನಾವಲ್ಲ, ಮಗು.

ಎರಡನೆಯ ತರಗತಿಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹೋಗಿ ಕಿತ್ತಳೆ ಜೆಲ್ಲಿ ತಿಂದು ಬಂದಳು. ಜೆಲ್ಲಿಯೊಳಗಿನ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ ಎಂದು ನಾನು ಅವಸರದಲ್ಲಿ ಹೇಳಬಾರದಿತ್ತು, ರಾತ್ರಿಯೆಲ್ಲ ಅತ್ತಳು. ಶಿವಮೊಗ್ಗದಿಂದ ಅವಳ ಅಜ್ಜಿ ಫೋನಿನಲ್ಲಿ ಗದರಿದ್ದು ನನ್ನನ್ನೇ: "ಹೊಟ್ಟೆಗೆ ಹೋದದ್ದು ಹೋಯಿತು, ಕೂಸನ್ನು ಯಾಕೆ ಅಳಿಸುತ್ತೀಯ?" ಮರುವಾರ ಕಡಲ ಪಾಚಿಯಿಂದ ಮಾಡುವ ಕಾಂತೆನ್ ತಂದು ಮನೆಯಲ್ಲೇ ಜೆಲ್ಲಿ ಮಾಡಿದೆವು. ನಮ್ಮಮ್ಮ ಚೈನಾ ಗ್ರಾಸ್ ಎಂದು ಕರೆದು ಬೇಸಿಗೆಯಲ್ಲಿ ಮಾಡಿಕೊಡುತ್ತಿದ್ದುದೂ ಇದೇ, ಅದು ಹುಟ್ಟಿದ್ದು ಜಪಾನಿನಲ್ಲಿ.

ಅಂದಿನಿಂದ ಮನೆಯಲ್ಲಿ ಎರಡು ನಿಯಮಗಳಿವೆ. ಬೇರೆಯವರ ತಟ್ಟೆಯ ಮೀನಿಗೆ ಮೂಗು ಮುರಿಯುವಂತಿಲ್ಲ. ನಮ್ಮ ಕೆಳಮನೆಯ ಮಂಗಳೂರಿನವರೂ ಕನ್ನಡಿಗರೇ, ಅವರಿಗೆ ಈ ಊರು ಸ್ವರ್ಗ. ಇನ್ನೊಂದು ಮಾತಿನದು: 'ತಬೆನಾಯ್', ತಿನ್ನುವುದಿಲ್ಲ ಎಂದರೆ ಕೊಟ್ಟವರಿಗೆ ಮುಖಕ್ಕೆ ಹೊಡೆದಂತಾಗುತ್ತದೆ, 'ತಬೆರಾರೆನಾಯ್', ತಿನ್ನಲಾರೆ ಎಂದರೆ ಅವರೇ ಅಯ್ಯೋ ಪಾಪ ಎಂದು ಇನ್ನೇನಾದರೂ ಹುಡುಕಿ ತರುತ್ತಾರೆ.

ಈಗ ಅವಳು ಆರನೆಯ ತರಗತಿ. ಕಳೆದ ತಿಂಗಳು ಶಾಲೆಯ ನಿಕ್ಕೋ ಪ್ರವಾಸಕ್ಕೆ ಮೊದಲು ವಸತಿಗೃಹಕ್ಕೆ ಕಳಿಸಬೇಕಿದ್ದ ಊಟದ ಚೀಟಿಯನ್ನು ತಾನೇ ತುಂಬಿದಳು. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎಂದು ಮೂರು ಸಾಲು ದುಂಡಗೆ ಬರೆದಿದ್ದಳು. ದಾಶಿಯ ಹೆಸರು ಇರಲಿಲ್ಲ. ನನ್ನ ಹೆಂಡತಿ ಚೀಟಿಯನ್ನು ಎರಡು ಬಾರಿ ಓದಿ ನನ್ನ ಮುಖ ನೋಡಿದಳು. ನಾನು ಸಹಿ ಹಾಕಿ ಕೊಟ್ಟೆ.